ಕಣ್ಣಿಗೆ ಬೀಳದ ತಾರತಮ್ಯ – ಕಲಿಸುವವರಿಗೊಂದು ಪಾಠ

ನಾನು ಕಲಿತ ಶಾಲೆಯು ಐವತ್ತು ಸಂವತ್ಸರಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಅಧ್ಯಯನಾತ್ಮಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಆದೇಶಿಸಿದರು. ರಸಾಯನಶಾಸ್ತ್ರದ ಅಧ್ಯಾಪಿಕೆಯಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳಿಂದ ಅವರು ಬಹುಶಃ ಕುಡಿಯುವ ನೀರಿನ ಶುದ್ಧೀಕರಣದ ಕುರಿತೋ ಅಡಿಕೆತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಕುರಿತೋ ಒಂದು ಲೇಖನವನ್ನು ನಿರೀಕ್ಷಿಸಿದ್ದಿರಬೇಕು. ಅವರನ್ನು ನಿರಾಶೆಗೊಳಿಸುತ್ತಿದ್ದೇನೆ. ನಮ್ಮ ಶಾಲೆಯಿಂದ ಹೊರಬಿದ್ದವರಲ್ಲಿ ಎಷ್ಟೋ ಮಂದಿ ಇಂದು ಕಾಸರಗೋಡಿನಲ್ಲಿಯೂ ಮಂಗಳೂರಿನಲ್ಲಿಯೂ ಅದಕ್ಕಿಂತ ದೂರದ ಊರುಗಳಲ್ಲಿಯೂ ಅಧ್ಯಾಪಕರಾಗಿದ್ದಾರೆ. ನೇಮಕಾತಿಯ ಸಂದರ್ಶನಗಳಲ್ಲಿ ಮೇಜಿನ ಈಚೆಗೂ ಆಚೆಗೂ ಕುಳಿತವರಿದ್ದಾರೆ. ಅವರೊಡನೆ ಹಂಚಿಕೊಳ್ಳಲೇಬೇಕಾದ ವಿಷಯವೊಂದು ಬಹುಕಾಲದಿಂದ ನನ್ನ ಮನಸ್ಸಿನಲ್ಲಿ ಕುಳಿತಿದೆ. ಅದು ವಿದ್ಯಾಸಂಸ್ಥೆಗಳೊಳಗೆ, ಅದರಲ್ಲಿಯೂ ವಿದ್ಯಾವಂತರ ನಡುವೆ, ಯಾರೂ ಬೈಯದೆ, ಯಾರೂ ಬಾಗಿಲು ಮುಚ್ಚದೆ ನಡೆದುಹೋಗುವ ಸೂಕ್ಷ್ಮವಾದ ಅಸಮಾನತೆಯ ವಿಷಯ. ಅದನ್ನು ಗುರುತಿಸಲು ಮತ್ತು ಎದುರಿಸಲು ಅಧ್ಯಾಪಕರಿಗೇ ತರಬೇತಿ ಬೇಕೆಂದು ಈಚಿನ ದಶಕಗಳಲ್ಲಿ ಹಲವು ವಿಶ್ವವಿದ್ಯಾಲಯಗಳು ಕಂಡುಕೊಂಡಿವೆ.

ಬಹಿರಂಗವಾದ ತಾರತಮ್ಯವನ್ನು ಗುರುತಿಸುವುದು ಸುಲಭ. ಅದಕ್ಕೆ ಕಾನೂನಿದೆ, ದೂರು ಕೊಡಲು ಸಮಿತಿಯಿದೆ. 2013ರ ಕಾಯಿದೆಯ ಪ್ರಕಾರ ಹತ್ತು ಮಂದಿಗಿಂತ ಕಡಿಮೆಯಿಲ್ಲದ ನೌಕರರಿರುವ ಪ್ರತಿಯೊಂದು ಉದ್ಯೋಗಸ್ಥಳದಲ್ಲಿಯೂ ಲೈಂಗಿಕ ಕಿರುಕುಳದ ದೂರುಗಳನ್ನು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಆದರೆ ವಿಭಾಗದ ಸಭೆಯಲ್ಲಿ ಒಬ್ಬಾಕೆ ಹೇಳಿದ ಮಾತು ಯಾರ ಕಿವಿಗೂ ಬೀಳದೆ, ಹತ್ತು ನಿಮಿಷದ ಬಳಿಕ ಅದೇ ಮಾತನ್ನು ಮತ್ತೊಬ್ಬರು ಹೇಳಿದಾಗ ಎಲ್ಲರೂ ತಲೆದೂಗಿದರೆ ಯಾವ ಸಮಿತಿಗೆ ದೂರು ಕೊಡುವುದು? ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಸಭೆಯ ನಡಾವಳಿಯನ್ನು ಬರೆಯುವ ಕೆಲಸ ಹನ್ನೊಂದು ವರ್ಷ ನನ್ನದಾಗಿತ್ತು. ನನ್ನ ಅಕ್ಷರ ದುಂಡಗಿದೆ ಎಂಬುದು ಕಾರಣ. ಅಕ್ಷರ ದುಂಡಗಿರುವುದು ನಿಜವೇ. ಅದನ್ನು ದುಂಡಗೆ ಮಾಡಿದ್ದು ಇದೇ ಶಾಲೆಯ ಕಾಪಿ ಪುಸ್ತಕ. ಆದರೆ ನಡಾವಳಿ ಬರೆಯುವವಳು ಚರ್ಚೆಯಲ್ಲಿ ಮಾತನಾಡಲಾರಳು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಇಂಥ ಸಣ್ಣ ಸಂಗತಿಗಳಿಗೆ ಒಂದು ಹೆಸರು ಕೊಟ್ಟವರು ಮೇರಿ ರೋ ಎಂಬ ಅರ್ಥಶಾಸ್ತ್ರಜ್ಞೆ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು 1973ರಲ್ಲಿ ಮಹಿಳೆಯರ ಕೆಲಸಕಾರ್ಯಗಳ ಕುರಿತು ಅಧ್ಯಕ್ಷರಿಗೆ ಸಲಹೆ ನೀಡಲು ಅವರನ್ನು ನೇಮಿಸಿಕೊಂಡಿತು. ದೊಡ್ಡ ಅನ್ಯಾಯಗಳನ್ನು ಹುಡುಕಲು ಹೊರಟ ಅವರಿಗೆ ಸಿಕ್ಕಿದ್ದು ಬರಿಯ ಚಿಕ್ಕ ಚಿಕ್ಕ ಸಂಗತಿಗಳು: ಹೆಸರು ಬಿಟ್ಟುಹೋದ ಒಂದು ಪಟ್ಟಿ, ಪರಿಚಯ ಮಾಡಿಕೊಡದೆ ಉಳಿದ ಒಬ್ಬ ವ್ಯಕ್ತಿ, ತಲುಪದೆ ಹೋದ ಒಂದು ಆಮಂತ್ರಣ. ಇವನ್ನು ಅವರು ಮೈಕ್ರೋ ಇನ್‌ಈಕ್ವಿಟಿ ಎಂದು ಕರೆದರು. ಕನ್ನಡದಲ್ಲಿ ಕಿರು ಅನ್ಯಾಯ ಎನ್ನಬಹುದು. ಶನಿಗ್ರಹದ ಉಂಗುರಗಳ ಹೋಲಿಕೆಯನ್ನು ಅವರು ಕೊಟ್ಟರು. ಆ ಉಂಗುರಗಳು ಮಂಜುಗಡ್ಡೆಯ ಮತ್ತು ಧೂಳಿನ ಕಣಗಳಿಂದಾದವು. ಒಂದೊಂದನ್ನೂ ಬೇರೆಬೇರೆಯಾಗಿ ತೆಗೆದುಕೊಂಡರೆ ಗಣನೆಗೇ ಬಾರದು. ಒಟ್ಟುಗೂಡಿದಾಗ ಗ್ರಹದ ಒಂದು ಭಾಗವನ್ನೇ ಮರೆಮಾಡಬಲ್ಲವು.

ಅಳತೆಪಟ್ಟಿ ಹಿಡಿದು ಹೊರಟ ವಿಜ್ಞಾನಿ

ಕಿರು ಅನ್ಯಾಯವನ್ನು ಸಾಬೀತುಪಡಿಸುವುದು ಹೇಗೆ? ಇದಕ್ಕೆ ಅದೇ ಸಂಸ್ಥೆಯಲ್ಲಿ ನಡೆದ ಇನ್ನೊಂದು ಘಟನೆ ಉತ್ತರ ಕೊಟ್ಟಿತು. ವಿಜ್ಞಾನವನ್ನು ಕಲಿಸುವವಳಾದ ನನಗೆ ಅದು ಬಹಳ ಪ್ರಿಯವಾದ ಕಥೆ. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ನ್ಯಾನ್ಸಿ ಹಾಪ್ಕಿನ್ಸ್ ಎಂಬ ಜೀವವಿಜ್ಞಾನಿ 1973ರಲ್ಲಿ ಅಲ್ಲಿ ಅಧ್ಯಾಪಕಿಯಾಗಿ ಸೇರಿದ್ದರು. ಕ್ಯಾನ್ಸರ್ ವೈರಸ್ಸುಗಳ ಸಂಶೋಧನೆಯಲ್ಲಿ ಹೆಸರು ಮಾಡಿದ್ದ ಅವರು ಮುಂದೆ ಜೀಬ್ರಾ ಮೀನುಗಳ ಮೇಲೆ ಪ್ರಯೋಗ ಮಾಡತೊಡಗಿದರು. ಮೀನಿನ ತೊಟ್ಟಿಗಳನ್ನಿಡಲು ಇನ್ನೂ 200 ಚದರಡಿ ಜಾಗ ಬೇಕಾಯಿತು. ಕೇಳಿದರು, ಸಿಗಲಿಲ್ಲ. ಹಿರಿಯ ಪ್ರಾಧ್ಯಾಪಕಿಯಾದ ತನಗಿರುವ ಜಾಗ ಇತರರಿಗಿಂತ ಕಡಿಮೆ ಎಂದು ವಾದಿಸಿದಾಗ ಯಾರೂ ಒಪ್ಪಲಿಲ್ಲ. ಆಗ ಅವರು ಅಳತೆಪಟ್ಟಿಯನ್ನು ಹಿಡಿದುಕೊಂಡು, ಜನರಿಲ್ಲದ ಹೊತ್ತಿನಲ್ಲಿ, ತಮ್ಮ ಕಟ್ಟಡದ ಪ್ರಯೋಗಾಲಯಗಳನ್ನು ಒಂದೊಂದಾಗಿ ಅಳೆದರು. ಅವರ ವಾದ ನಿಜವಾಗಿತ್ತು. ಅದಕ್ಕೀಗ ಅಂಕೆಸಂಖ್ಯೆಗಳ ಪುರಾವೆಯೂ ದೊರೆತಿತ್ತು. ಈ ನಡುವೆ ತಾವೇ ಸೇರಿ ರೂಪಿಸಿದ್ದ ಒಂದು ಪಾಠಕ್ರಮದಿಂದಲೂ ಅವರನ್ನು ಕೈಬಿಡಲಾಯಿತು.

ಅಲ್ಲಿಯವರೆಗೆ ಅವರು ಇದು ತನ್ನೊಬ್ಬಳ ದುರದೃಷ್ಟವೆಂದೇ ಭಾವಿಸಿದ್ದರು. 1994ರಲ್ಲಿ ಆ ಸಂಸ್ಥೆಯ ವಿಜ್ಞಾನ ವಿಭಾಗಗಳಲ್ಲಿ ಖಾಯಂ ಹುದ್ದೆಯ ಪುರುಷರು 194 ಮಂದಿ, ಮಹಿಳೆಯರು 15 ಮಂದಿ. ಆರು ವಿಭಾಗಗಳಲ್ಲಿ ಚದುರಿಹೋಗಿದ್ದ ಈ ಮಹಿಳೆಯರು ಪರಸ್ಪರ ಮಾತನಾಡಿಕೊಂಡದ್ದೇ ಇರಲಿಲ್ಲ. ಮಾತನಾಡಿದಾಗ ಪ್ರತಿಯೊಬ್ಬರೂ ತನ್ನೊಬ್ಬಳದೆಂದು ತಿಳಿದಿದ್ದ ಕಥೆ ಎಲ್ಲರದೂ ಆಗಿತ್ತು. ಡೀನ್ ಆಗಿದ್ದ ರಾಬರ್ಟ್ ಬರ್ಜನೋ ಎಂಬ ಭೌತವಿಜ್ಞಾನಿಯ ಬಳಿಗೆ ಒಟ್ಟಾಗಿ ಹೋದರು. ಅವರು ಸಮಿತಿಯೊಂದನ್ನು ರಚಿಸಿದರು. ಸಂಬಳ, ಜಾಗ, ಸಂಶೋಧನೆಗೆ ಸಿಗುವ ನೆರವು, ಪ್ರಶಸ್ತಿಗೆ ಹೆಸರು ಸೂಚಿಸುವುದು, ಮುಖ್ಯ ಸಮಿತಿಗಳಲ್ಲಿ ಸ್ಥಾನ – ಎಲ್ಲವನ್ನೂ ಸಮಿತಿ ಪರಿಶೀಲಿಸಿತು. ಅದರ ಸಾರಾಂಶ 1999ರಲ್ಲಿ ಪ್ರಕಟವಾದಾಗ ಸಂಸ್ಥೆಯ ಅಧ್ಯಕ್ಷರೇ ಮುನ್ನುಡಿ ಬರೆದು, ತಾರತಮ್ಯವೆಂಬುದರಲ್ಲಿ ವಾಸ್ತವಕ್ಕಿಂತ ಭಾವನೆಯ ಪಾಲೂ ಇದೆಯೆಂದು ತಿಳಿದಿದ್ದ ತನಗೆ ವಾಸ್ತವದ ಪಾಲೇ ಬಹು ದೊಡ್ಡದೆಂದು ಈಗ ಮನವರಿಕೆಯಾಗಿದೆ ಎಂಬ ಅರ್ಥದ ಮಾತನ್ನು ಹೇಳಿದರು. ಒಂದು ಪ್ರಸಿದ್ಧ ವಿದ್ಯಾಸಂಸ್ಥೆ ತನ್ನ ತಪ್ಪನ್ನು ತಾನೇ ಅಚ್ಚುಹಾಕಿಸಿದ್ದು ವಿಶೇಷ.

ಆ ವರದಿಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ ಬೇರೆಯೇ. ಹೊಸದಾಗಿ ಸೇರಿದ ತರುಣಿಯರು ತಮಗೇನೂ ತೊಂದರೆಯಿಲ್ಲ, ಅದೆಲ್ಲ ಹಿಂದಿನವರ ಕಾಲಕ್ಕೆ ಮುಗಿಯಿತು ಎಂದೇ ನಂಬಿದ್ದರು. ಈಗಿನ ಹಿರಿಯರೂ ತಮ್ಮ ತಾರುಣ್ಯದಲ್ಲಿ ಹಾಗೆಯೇ ನಂಬಿದ್ದವರು. ಅನ್ಯಾಯವು ವರ್ಷಗಳೊಂದಿಗೆ ಕಣಕಣವಾಗಿ ಸಂಗ್ರಹವಾಗುವುದರಿಂದ ಕಣ್ಣಿಗೆ ಕಾಣುವ ಹೊತ್ತಿಗೆ ಅರ್ಧ ವೃತ್ತಿಜೀವನ ಕಳೆದಿರುತ್ತದೆ.

ಹೆಸರಿನ ಮಹಿಮೆ

ವಿದ್ಯಾವಂತರು ಯೋಗ್ಯತೆಯನ್ನು ಮಾತ್ರ ನೋಡುತ್ತಾರೆಂಬ ನಂಬಿಕೆಗೆ ಸ್ವೀಡನ್ ದೇಶದಲ್ಲಿಯೂ ಪೆಟ್ಟು ಬಿತ್ತು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ 1995ರಲ್ಲಿ ಸಂಶೋಧನಾ ವೇತನಕ್ಕಾಗಿ ಬಂದ ಅರ್ಜಿಗಳು 114. ಪುರುಷರವು 62, ಮಹಿಳೆಯರವು 52. ಆಯ್ಕೆಯಾದ 20 ಮಂದಿಯಲ್ಲಿ ಮಹಿಳೆಯರು ನಾಲ್ವರೇ. ಕ್ರಿಸ್ಟೀನ್ ವೆನ್ನರೋಸ್ ಮತ್ತು ಆಗ್ನೆಸ್ ವೋಲ್ಡ್ ಎಂಬ ಇಬ್ಬರು ವಿಜ್ಞಾನಿಗಳು ಆ ದೇಶದ ಮಾಹಿತಿ ಕಾನೂನಿನ ಬಲದಿಂದ, ನ್ಯಾಯಾಲಯದ ಮೊರೆಹೊಕ್ಕು, ಪರೀಕ್ಷಕರು ಕೊಟ್ಟ ಅಂಕಗಳನ್ನು ಪಡೆದು ಲೆಕ್ಕಹಾಕಿದರು. ಪುರುಷನಿಗೆ ಸಿಕ್ಕಷ್ಟೇ ಅಂಕ ಸಿಗಬೇಕಾದರೆ ಮಹಿಳೆಯ ಸಂಶೋಧನಾ ಸಾಧನೆ ಸುಮಾರು ಎರಡೂವರೆ ಪಟ್ಟು ಇರಬೇಕಾಗಿತ್ತೆಂದು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪರೀಕ್ಷಕರಾರೂ ದುಷ್ಟರಲ್ಲ. ಕೇಳಿದ್ದರೆ ಎಲ್ಲರೂ ಸಮಾನತೆಯ ಪರವಾಗಿಯೇ ಇರುತ್ತಿದ್ದರು.

2012ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಪ್ರಯೋಗವನ್ನೂ ಹೇಳಲೇಬೇಕು. ಪ್ರಯೋಗಾಲಯದ ಮೇಲ್ವಿಚಾರಣೆಯ ಹುದ್ದೆಗೆ ಬರೆದ ಒಂದೇ ಅರ್ಜಿಯನ್ನು 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಕಳುಹಿಸಲಾಯಿತು. ಕೆಲವರಿಗೆ ಹೋದ ಪ್ರತಿಯಲ್ಲಿ ಅರ್ಜಿದಾರನ ಹೆಸರು ಜಾನ್, ಉಳಿದವುಗಳಲ್ಲಿ ಜೆನಿಫರ್. ಬೇರೆಲ್ಲ ಅಕ್ಷರವೂ ಒಂದೇ. ಜಾನ್ ಹೆಚ್ಚು ಸಮರ್ಥನೆಂದು ಎಣಿಸಲ್ಪಟ್ಟ. ಅವನಿಗೆ ಸೂಚಿಸಿದ ವಾರ್ಷಿಕ ವೇತನದ ಸರಾಸರಿ 30,238 ಡಾಲರ್, ಜೆನಿಫರಳಿಗೆ 26,508. ಹೀಗೆ ಎಣಿಸಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಪುರುಷರಷ್ಟೇ ಇದ್ದರು. ಆದ್ದರಿಂದ ಇದನ್ನು ಗಂಡಸರ ಮೇಲಿನ ಆರೋಪಪಟ್ಟಿಯೆಂದು ಓದಬಾರದು.

ನಮ್ಮ ದೇಶದಲ್ಲಿ ಬಾಗಿಲನ್ನೇ ಮುಚ್ಚಿದ ಉದಾಹರಣೆಯೂ ಉಂಟು. 1933ರಲ್ಲಿ ಕಮಲಾ ಭಾಗವತ್ – ಮುಂದೆ ಕಮಲಾ ಸೊಹೊನಿ – ಮುಂಬಯಿ ವಿಶ್ವವಿದ್ಯಾಲಯದಲ್ಲಿ ಉನ್ನತ ಸ್ಥಾನದಲ್ಲಿ ತೇರ್ಗಡೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗಿನ ನಿರ್ದೇಶಕರಾದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಹಿಡಿದಾಗ ಒಂದು ವರ್ಷ ಪರೀಕ್ಷಾರ್ಥವಾಗಿ, ಕೆಲವು ಷರತ್ತುಗಳೊಡನೆ, ಸೇರಿಸಿಕೊಂಡರು. ಮುಂದೆ ಆಕೆ ಕೇಂಬ್ರಿಜ್‌ನಿಂದ 1939ರಲ್ಲಿ ಡಾಕ್ಟರೇಟ್ ಪಡೆದರು. ರಾಮನ್ನರ ವಿಜ್ಞಾನದ ಮೇಲಿನ ಗೌರವವೇನೂ ನನಗೆ ಇದರಿಂದ ಕಡಿಮೆಯಾಗಿಲ್ಲ. ಅಷ್ಟು ದೊಡ್ಡ ಬುದ್ಧಿಗೂ ಕಾಣದ ಮೂಲೆಯೊಂದಿತ್ತು ಎಂಬುದನ್ನು ಮಾತ್ರ ತರಗತಿಯಲ್ಲಿ ಹೇಳುತ್ತಿದ್ದೆ. ನಮ್ಮಲ್ಲಿ ತಾರತಮ್ಯಕ್ಕೆ ಲಿಂಗವೊಂದೇ ಆಧಾರವಲ್ಲ, ಜಾತಿಯೂ ಇದೆ, ಭಾಷೆಯೂ ಇದೆ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕುರಿತು ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯ ಸಮಿತಿ 2007ರಲ್ಲಿ ಸಲ್ಲಿಸಿದ ವರದಿಯು, ಪರಿಶಿಷ್ಟ ವರ್ಗಗಳ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಗಮನ, ಪ್ರಾಯೋಗಿಕ ಪರೀಕ್ಷೆಯ ವರ್ತನೆ, ವಸತಿಗೃಹದ ಸಹವಾಸ ಇವುಗಳಲ್ಲಿ ಉಂಟಾಗುವ ಭೇದವನ್ನು ದಾಖಲಿಸಿತು. ಗಡಿನಾಡಿನ ಕನ್ನಡಿಗರಾದ ನಮಗೆ ಭಾಷೆಯ ಭೇದವನ್ನು ಯಾರೂ ವಿವರಿಸಬೇಕಾಗಿಲ್ಲ. "ನೀವು ಆ ಕಡೆಯವರಲ್ಲವೆ?" ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಕೇಳಿಸಿಕೊಳ್ಳದವರು ಕಡಿಮೆ. ಹಾಗೆ ಕೇಳುವವರು ನಗುನಗುತ್ತಲೇ ಕೇಳುತ್ತಾರೆ.

ನನ್ನದೇ ಒಂದು ಪುಟ

ಇಷ್ಟನ್ನೆಲ್ಲ ಬರೆದವಳು ತನ್ನ ಲೆಕ್ಕವನ್ನೂ ಒಪ್ಪಿಸಬೇಕು.

ನಿವೃತ್ತಿಯ ವರ್ಷ ವಿಭಾಗದ ಕಪಾಟನ್ನು ಖಾಲಿಮಾಡುತ್ತಿದ್ದಾಗ, ಹಲವು ವರ್ಷಗಳ ಹಿಂದೆ ಅತಿಥಿ ಉಪನ್ಯಾಸಕರ ಆಯ್ಕೆಯ ಸಂದರ್ಶನದಲ್ಲಿ ನಾನು ಗುರುತುಹಾಕಿಕೊಂಡಿದ್ದ ಕಾಗದವೊಂದು ಸಿಕ್ಕಿತು. ಇಬ್ಬರು ಅಭ್ಯರ್ಥಿಗಳಿದ್ದರು. ಒಬ್ಬಳು ನಮ್ಮದೇ ಸೀಮೆಯ ಕನ್ನಡ ಮಾಧ್ಯಮದ ಹುಡುಗಿ, ಇನ್ನೊಬ್ಬ ಪಟ್ಟಣದ ಇಂಗ್ಲಿಷ್ ಮಾಧ್ಯಮದ ಹುಡುಗ. ಇಬ್ಬರಿಗೂ ನಾನೇ ಕೇಳಿದ ಪ್ರಶ್ನೆ: ಪ್ರಬಲ ಆಮ್ಲವನ್ನು ದುರ್ಬಲ ಪ್ರತ್ಯಾಮ್ಲದೊಡನೆ ಅನುಮಾಪನ ಮಾಡುವಾಗ ಫಿನಾಲ್ಫ್ತಲೀನ್ ಸೂಚಕವನ್ನು ಏಕೆ ಬಳಸಬಾರದು? ಹುಡುಗಿ ತಡವರಿಸುತ್ತ, ತಪ್ಪು ವ್ಯಾಕರಣದ ಇಂಗ್ಲಿಷಿನಲ್ಲಿ, ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು: ಅಂತ್ಯಬಿಂದುವು ಆಮ್ಲೀಯ ವಲಯದಲ್ಲಿ ಬೀಳುತ್ತದೆ, ಆ ಸೂಚಕವೋ ಪ್ರತ್ಯಾಮ್ಲೀಯ ವಲಯದಲ್ಲಿ ಬಣ್ಣ ಬದಲಿಸುವಂಥದ್ದು. ಹುಡುಗ ನಿರರ್ಗಳವಾಗಿ ಮಾತನಾಡಿ ಉತ್ತರವನ್ನು ತಪ್ಪಿಸಿದ್ದ. ನನ್ನ ದುಂಡನೆಯ ಅಕ್ಷರದಲ್ಲಿ ಅವಳ ಹೆಸರಿನ ಮುಂದೆ "ಅಭಿವ್ಯಕ್ತಿ ಸಾಲದು" ಎಂದೂ ಅವನ ಹೆಸರಿನ ಮುಂದೆ "ಗಾಬರಿಗೊಂಡಿದ್ದಾನೆ, ಸುಧಾರಿಸಿಕೊಳ್ಳುವನು" ಎಂದೂ ಇತ್ತು. ಅವನು ಆಯ್ಕೆಯಾದ.

ಆ ಕಾಗದವನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತೆ. ಕನ್ನಡ ಮಾಧ್ಯಮದಲ್ಲಿ ಕಲಿತು, ಪ್ರೀ-ಡಿಗ್ರಿಯ ಮೊದಲ ವರ್ಷ ಇಂಗ್ಲಿಷ್ ತಿಳಿಯದೆ ಅತ್ತವಳು ನಾನು. ಅವಳ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ತಿಳಿಯಬೇಕಿತ್ತು? ಬಹುಶಃ ತಿಳಿದಿದ್ದರಿಂದಲೇ, ನಮ್ಮವಳೆಂದು ಒಲವು ತೋರಿದೆನೆಂಬ ಮಾತು ಬಾರದಿರಲೆಂದು, ಅವಳ ಪಾಲಿಗೆ ಹೆಚ್ಚು ಕಠಿಣಳಾಗಿದ್ದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆನೆಂದು ಆ ದಿನ ದೇವರ ಮೇಲೆ ಆಣೆಮಾಡಿ ಹೇಳಬಲ್ಲವಳಾಗಿದ್ದೆ. ಪ್ರಯೋಗಾಲಯದಲ್ಲಿ ತೂಕ ಮಾಡುವ ಮೊದಲು ತಕ್ಕಡಿಯ ಶೂನ್ಯದೋಷವನ್ನು ನೋಡಿಕೊಳ್ಳಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳು ಸಂದರ್ಶನದ ಕೊಠಡಿಗೆ ಹೋಗುವಾಗ ಅದನ್ನು ಮರೆತಿದ್ದೆ.

ತರಬೇತಿಯಲ್ಲಿ ಏನನ್ನು ಕಲಿಸುತ್ತಾರೆ?

ಈ ಕಾಗದದ ಬಳಿಕವೇ ನಾನು ಈ ವಿಷಯವನ್ನು ಕ್ರಮವಾಗಿ ಓದತೊಡಗಿದ್ದು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಒಂದು ಸಮಿತಿ ರಚನೆಯಾಯಿತು. ಹೊರಗಿನ ಉಪದೇಶಕರನ್ನು ಕರೆಸದೆ, ತಮ್ಮ ತಮ್ಮ ಶಾಸ್ತ್ರದಲ್ಲಿ ಮನ್ನಣೆ ಪಡೆದ ಹಿರಿಯ ಪ್ರಾಧ್ಯಾಪಕರನ್ನೇ, ಪುರುಷರನ್ನೂ ಮಹಿಳೆಯರನ್ನೂ, ಆರಿಸಿ ಮೊದಲು ಅವರಿಗೆ ಸಂಶೋಧನೆಗಳನ್ನು ಓದಲು ಕೊಟ್ಟರು. ಬಳಿಕ ಅವರು ನೇಮಕಾತಿ ಸಮಿತಿಗಳಲ್ಲಿರುವ ತಮ್ಮ ಸಹೋದ್ಯೋಗಿಗಳಿಗೆ ಕಲಿಸಿದರು. ಭೌತಶಾಸ್ತ್ರದವರು ಭೌತಶಾಸ್ತ್ರದವರ ಮಾತನ್ನೇ ಕೇಳುತ್ತಾರೆಂಬುದನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ನಾಟಕ ತಂಡವೊಂದು ಅಧ್ಯಾಪಕರ ಸಭೆಯ ಪ್ರಸಂಗಗಳನ್ನು ಅಧ್ಯಾಪಕರ ಮುಂದೆಯೇ ಅಭಿನಯಿಸುತ್ತದೆ. ಪ್ರಸಂಗ ಮುಗಿದ ಮೇಲೆ ನಟರು ಪಾತ್ರವನ್ನು ಬಿಡದೆ ಸಭಿಕರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ತಾಳಮದ್ದಳೆಯನ್ನು ಕೇಳಿ ಬೆಳೆದ ನಮಗೆ ಇದೇನೂ ಅಪರಿಚಿತ ವಿದ್ಯೆಯಲ್ಲ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಪೂರ್ವಗ್ರಹವನ್ನು ಪಾಪವೆಂದು ಪರಿಗಣಿಸದೆ ಕೆಟ್ಟ ಅಭ್ಯಾಸವೆಂದು ಪರಿಗಣಿಸಿದರು. ಉಗುರು ಕಡಿಯುವ ಅಭ್ಯಾಸವನ್ನು ಬಿಡಿಸುವಂತೆ ಇದನ್ನೂ ಬಿಡಿಸಬಹುದೆಂಬುದು ಅವರ ಯೋಚನೆ. 92 ವಿಭಾಗಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡೂವರೆ ಗಂಟೆಯ ಕಮ್ಮಟವನ್ನು ನಡೆಸಿದರು. ಎದುರಿಗಿರುವವರನ್ನು ಗುಂಪಿನ ಪ್ರತಿನಿಧಿಯಾಗಿ ನೋಡದೆ ವ್ಯಕ್ತಿಯಾಗಿ ನೋಡುವುದು, ಅವರ ಸ್ಥಾನದಲ್ಲಿ ತನ್ನನ್ನು ಇಟ್ಟುಕೊಂಡು ಯೋಚಿಸುವುದು, ರೂಢಿಯ ಚಿತ್ರಕ್ಕೆ ವಿರುದ್ಧವಾದ ಉದಾಹರಣೆಗಳನ್ನು ಬೇಕೆಂದೇ ನೆನೆಯುವುದು ಮುಂತಾದುವನ್ನು ಅಭ್ಯಾಸ ಮಾಡಿಸಿದರು. ನಾನು ನಿಷ್ಪಕ್ಷಪಾತಿ ಎಂದು ನಂಬಿಕೊಂಡಿರುವುದು ಪ್ರಯೋಜನಕ್ಕೆ ಬಾರದ, ಕೆಲವೊಮ್ಮೆ ಅಪಾಯಕರವೂ ಆದ ಉಪಾಯವೆಂದು ಎಚ್ಚರಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದು ವಿಭಾಗದ ಕಾಲುಪಾಲು ಮಂದಿಯಾದರೂ ಕಮ್ಮಟಕ್ಕೆ ಬಂದಿದ್ದಲ್ಲಿ ಸಮಾನತೆಗಾಗಿ ತಾವೇ ಮುಂದೆಬಿದ್ದು ಮಾಡಿದ ಕೆಲಸಗಳು ಹೆಚ್ಚಿದುವೆಂದು ಅಲ್ಲಿಯವರು ಹೇಳಿಕೊಂಡರು. ಅನಂತರದ ಎರಡು ವರ್ಷಗಳ ನೇಮಕಾತಿಯಲ್ಲಿಯೂ ಮಹಿಳೆಯರ ಪಾಲು ಏರಿದಂತೆ ಕಂಡಿತು. ಆದರೆ ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿನ ಗೆರೆಯನ್ನು ಆ ಏರಿಕೆ ದಾಟಲಿಲ್ಲ.

ತರಬೇತಿಯೊಂದೇ ಸಾಕೆಂದು ನಾನೂ ನಂಬುವುದಿಲ್ಲ. ಅಮೆರಿಕದ 708 ಖಾಸಗಿ ಉದ್ಯಮಗಳ ಅಂಕಿಅಂಶಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿಯ ತರಬೇತಿಯ ಫಲ ಅತ್ಯಲ್ಪವೆಂದೂ, ನಿರ್ದಿಷ್ಟ ವ್ಯಕ್ತಿಗೋ ಸಮಿತಿಗೋ ಹೊಣೆ ಹೊರಿಸಿದಲ್ಲಿಯೇ ಹೆಚ್ಚು ಬದಲಾವಣೆಯಾಯಿತೆಂದೂ ಕಂಡುಬಂತು. ಒಂದು ಮಧ್ಯಾಹ್ನ ಭಾಷಣ ಕೇಳಿ, ಪ್ರಮಾಣಪತ್ರ ಪಡೆದು, ಬಿಸ್ಕತ್ತು ತಿಂದು ಬರುವ ಕಾರ್ಯಾಗಾರಗಳನ್ನು ನಾವೂ ಸಾಕಷ್ಟು ಕಂಡಿದ್ದೇವೆ. ನಮ್ಮ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2020ರಲ್ಲಿ 'ಗತಿ' ಎಂಬ ಹೆಸರಿನ ಯೋಜನೆಯನ್ನು ಆರಂಭಿಸಿದಾಗ ಸಂಸ್ಥೆಗಳು ತಮ್ಮನ್ನು ತಾವೇ ಅಳೆದು ನೋಡಿಕೊಳ್ಳಬೇಕೆಂಬ ಕ್ರಮವನ್ನಿಟ್ಟದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಎಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಅರ್ಜಿಗಳನ್ನು ನೋಡುವ ಮೊದಲೇ ಮಾನದಂಡಗಳನ್ನು ಬರೆದಿಡುವುದು. 2005ರಲ್ಲಿ ನಡೆದ ಪ್ರಯೋಗವೊಂದರಲ್ಲಿ ಪೊಲೀಸ್ ಮುಖ್ಯಸ್ಥನ ಹುದ್ದೆಗೆ ಗಂಡು ಅಭ್ಯರ್ಥಿಯಲ್ಲಿ ಯಾವ ಗುಣ ಹೆಚ್ಚಿತ್ತೋ ಅದೇ ಗುಣ ಆ ಹುದ್ದೆಗೆ ಮುಖ್ಯವೆಂದು ಜನರು ತೀರ್ಮಾನಿಸಿದರು. ಅವನಲ್ಲಿ ಅನುಭವ ಹೆಚ್ಚಿದ್ದರೆ ಅನುಭವ, ವಿದ್ಯೆ ಹೆಚ್ಚಿದ್ದರೆ ವಿದ್ಯೆ. ಮಾನದಂಡವನ್ನು ಮೊದಲೇ ನಿಶ್ಚಯಿಸಿಕೊಂಡವರಲ್ಲಿ ಈ ದೋಷ ಕಾಣಲಿಲ್ಲ. ನನ್ನ ಕಾಗದದಲ್ಲಿ "ವಿಷಯಜ್ಞಾನಕ್ಕೆ ಇಷ್ಟು, ಅಭಿವ್ಯಕ್ತಿಗೆ ಇಷ್ಟು" ಎಂದು ಮೊದಲೇ ಎರಡು ಗೆರೆ ಎಳೆದಿದ್ದರೆ ಆ ಹುಡುಗಿಯ ಬದುಕು ಬೇರೆಯಾಗುತ್ತಿತ್ತೇನೋ.

ಎದುರಿಸುವ ಬಗೆ

ಗುರುತಿಸಿದ ಮೇಲೆ ಬಾಯಿ ತೆರೆಯುವುದು ಇನ್ನೂ ಕಷ್ಟ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಉದ್ಯೋಗದ ಸಂದರ್ಶನದಲ್ಲಿ ಅಸಭ್ಯವಾದ ಪ್ರಶ್ನೆಗಳನ್ನು ಕೇಳಿದರೆ ಏನು ಮಾಡುವಿರೆಂದು ತರುಣಿಯರನ್ನು ಕೇಳಿದಾಗ ಒಂದಾದರೂ ಪ್ರಶ್ನೆಗೆ ಉತ್ತರಿಸಲು ನಿರಾಕರಿಸುತ್ತೇವೆಂದು ಹೆಚ್ಚಿನವರು ಹೇಳಿದರು. ಬೇರೆ ತರುಣಿಯರನ್ನು ನಿಜವಾದ ಸಂದರ್ಶನವೆಂದು ನಂಬಿಸಿ ಅವೇ ಪ್ರಶ್ನೆಗಳನ್ನು ಕೇಳಿದಾಗ ನಿರಾಕರಿಸಿದವರು ಒಬ್ಬರೂ ಇಲ್ಲ. ಆಕ್ಷಣದಲ್ಲಿ ಮಾತು ಹೊರಡುವುದಿಲ್ಲ. ಆದ್ದರಿಂದಲೇ ಮಾತನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಬೇಕು. "ಇದೇ ಮಾತನ್ನು ಆಗಲೇ ಟೀಚರ್ ಹೇಳಿದ್ದರು, ಅವರು ಮುಂದುವರಿಸಲಿ", "ಈ ಪ್ರಶ್ನೆಯನ್ನು ಇನ್ನೊಬ್ಬ ಅಭ್ಯರ್ಥಿಗೂ ಕೇಳಿದ್ದೇವೆಯೆ?", "ಅಭಿವ್ಯಕ್ತಿ ಸಾಲದೆಂದರೆ ಯಾವ ಭಾಷೆಯಲ್ಲಿ?" – ಇಂಥ ಸಣ್ಣ, ಕೋಪವಿಲ್ಲದ ವಾಕ್ಯಗಳು ಸಾಕು. ಹೀಗೆ ಎತ್ತಿ ತೋರಿಸಿದಾಗ ಎದುರಿನವರಿಗೆ ಕಿರಿಕಿರಿಯಾಗುತ್ತದೆ, ಆದರೆ ಮುಂದಿನ ಸಲ ಅವರು ಎಚ್ಚರ ವಹಿಸುತ್ತಾರೆ ಎಂದು 2006ರ ಪ್ರಯೋಗವೊಂದು ಕಂಡುಕೊಂಡಿದೆ. ನೋವಿಗೆ ಗುರಿಯಾದವರೇ ಹೇಳುವುದಕ್ಕಿಂತ ಪಕ್ಕದಲ್ಲಿ ಕುಳಿತವರು ಹೇಳಿದರೆ ಹೆಚ್ಚು ತೂಕ ಬರುತ್ತದೆಂಬುದೂ ತಿಳಿದುಬಂದಿದೆ. ಇದು ನ್ಯಾಯವೇನಲ್ಲ, ಆದರೂ ಪಕ್ಕದಲ್ಲಿ ಕುಳಿತಿರುವವರು ಇದನ್ನು ತಿಳಿದಿರಬೇಕು.

ಕಳೆದ ಬೇಸಿಗೆಯ ರಜೆಯಲ್ಲಿ ಈ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆ ನಮ್ಮ ಶಾಲೆಯ ಹಳೆಯ ಕಟ್ಟಡದಲ್ಲಿ ಸೇರಿತ್ತು. ಹಣಕಾಸು, ವೇದಿಕೆ, ಕಟ್ಟಡ ಸಮಿತಿಗಳಿಗೆ ಹೆಸರುಗಳನ್ನು ಓದಿದರು, ಎಲ್ಲವೂ ಗಂಡಸರವು. ಸ್ವಾಗತ ಮತ್ತು ಅಲಂಕಾರ ಸಮಿತಿಗಳ ಹೆಸರುಗಳು ಎಲ್ಲವೂ ಹೆಂಗಸರವು. ಯಾರೂ ಬೇಕೆಂದು ಮಾಡಿದ್ದಲ್ಲ. ಪಟ್ಟಿಯನ್ನು ತಯಾರಿಸಿದವರು ನನಗಿಂತ ಎರಡು ತರಗತಿ ಹಿರಿಯರು, ನಿವೃತ್ತ ಮುಖ್ಯೋಪಾಧ್ಯಾಯರು, ನನಗೆ ಅಣ್ಣನ ಸಮಾನರು. ಅವರು ನನ್ನ ಕಡೆಗೆ ತಿರುಗಿ, "ಅಕ್ಷರ ಚಂದ ಉಂಟಲ್ಲ, ನೀನೇ ನಡಾವಳಿ ಬರೆ ತಂಗೀ" ಎಂದರು. ನಾನು ಮಾತು ಹುಡುಕುತ್ತಿದ್ದೆ. ಅಷ್ಟು ಓದಿದವಳಿಗೂ ಆ ಕ್ಷಣದಲ್ಲಿ ಸಿಗಲಿಲ್ಲ. ಹಿಂದಿನ ಬೆಂಚಿನಲ್ಲಿದ್ದ, ಮಂಗಳೂರಿನ ಕಾಲೇಜಿನಲ್ಲಿ ಉಪನ್ಯಾಸಕನಾಗಿರುವ ಕಿರಿಯ ತಂಡದ ಹುಡುಗನೊಬ್ಬ ಎದ್ದುನಿಂತು, "ಮಾಷ್ಟ್ರೇ, ಇವತ್ತು ನಾನು ಬರೆಯುತ್ತೇನೆ, ಅಕ್ಕ ಮಾತಾಡಲಿ" ಎಂದ. ಮಾಷ್ಟ್ರು ಒಂದು ಗಳಿಗೆ ಕನ್ನಡಕದ ಮೇಲಿನಿಂದ ನೋಡಿ, ಪುಸ್ತಕವನ್ನು ಅವನ ಕೈಗೆ ದಾಟಿಸಿದರು. ಅವನ ಅಕ್ಷರ ಕೋಳಿಕಾಲಿನಂತಿದೆ. ಆ ದಿನದ ನಡಾವಳಿಯನ್ನು ಓದಲು ಈಗಲೂ ಅವನೇ ಬರಬೇಕು. ಹಣಕಾಸು ಸಮಿತಿಗೆ ಮೂವರು ಹೆಂಗಸರ ಹೆಸರು ಸೇರಿತು. ಅಲಂಕಾರ ಸಮಿತಿಗೆ ಸೇರಲು ಒಪ್ಪಿದ ಗಂಡಸರು ಇಬ್ಬರೇ.